ಕೊರತೆ ಯಾರ ತಲೆಗೆ ಕಟ್ಟೋಣ?

ಸ್ನೇಹಿತರೇ, ನಮಸ್ಕಾರ.

ಅಮೆರಿಕದ ಬಜೆಟ್ ಕೊರತೆಯ ಜಗಳ ನಿಮಗೆಲ್ಲ ಗೊತ್ತು. "ಒಬಾಮ ಬಂದರು, ದೇಶ ಸಾಲದಲ್ಲಿ ಮುಳುಗಿತು" ಅಂತ ರಿಪಬ್ಲಿಕನ್ನರು. "ಎಲ್ಲ ಬುಷ್ ಬಿಟ್ಟುಹೋದ ಹೊರೆ" ಅಂತ ಡೆಮಾಕ್ರಟರು. ಯಾರ ಮಾತು ಕೇಳುವ ಮೊದಲೂ ಒಂದು ತಾರೀಖು ನೋಡೋಣ: 2009ರ ಜನವರಿ 7.

ಅವತ್ತು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ತನ್ನ ಅಂದಾಜು ಹೊರಡಿಸಿತು. ಯಾವ ಪಕ್ಷಕ್ಕೂ ಸೇರದ ಕಚೇರಿ ಅದು. ಆ ವರ್ಷದ ಕೊರತೆ ಸುಮಾರು 1.2 ಲಕ್ಷ ಕೋಟಿ ಡಾಲರ್ ಆಗುತ್ತದೆ ಅಂತ ಹೇಳಿತು. ಒಬಾಮ ಪ್ರಮಾಣವಚನ ತೆಗೆದುಕೊಂಡದ್ದು ಜನವರಿ 20ಕ್ಕೆ. ಆ ಹಣಕಾಸು ವರ್ಷ ಶುರುವಾಗಿದ್ದಂತೂ 2008ರ ಅಕ್ಟೋಬರ್ 1ಕ್ಕೇ. ವರ್ಷ ಮುಗಿದಾಗ ಕೊರತೆ 1.4 ಲಕ್ಷ ಕೋಟಿ ಆಗಿತ್ತು. ಅದರ ದೊಡ್ಡ ಪಾಲು ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಲೆಕ್ಕಕ್ಕೆ ಬಂದಿತ್ತು.

ಹಾಗಾದರೆ ತಪ್ಪೆಲ್ಲ ಬುಷ್ ಅವರದಾ? ಅದೂ ಪೂರ್ತಿ ನಿಜವಲ್ಲ. 2001 ಮತ್ತು 2003ರ ತೆರಿಗೆ ಕಡಿತ, ಇರಾಕ್ ಯುದ್ಧ ಸಾಲ ಬೆಳೆಸಿದವು, ಒಪ್ಪುತ್ತೇನೆ. ಆದರೆ 2007ರಲ್ಲಿ ಕೊರತೆ ಇದ್ದದ್ದು ಸುಮಾರು 16,000 ಕೋಟಿ ಡಾಲರ್. ಎರಡೇ ವರ್ಷದಲ್ಲಿ ಅದು ಎಂಟು ಪಟ್ಟಿಗೂ ಜಾಸ್ತಿ ಆಗಿದ್ದಕ್ಕೆ ದೊಡ್ಡ ಕಾರಣ ಆರ್ಥಿಕ ಹಿಂಜರಿತವೇ. ಸಂಬಳ ನಿಂತರೆ ಆದಾಯ ತೆರಿಗೆ ನಿಲ್ಲುತ್ತದೆ. ಲಾಭ ಕರಗಿದರೆ ಕಂಪನಿ ತೆರಿಗೆ ಕರಗುತ್ತದೆ. 2008ರಲ್ಲಿ 2.5 ಲಕ್ಷ ಕೋಟಿ ಇದ್ದ ಸರ್ಕಾರದ ವರಮಾನ ಮರುವರ್ಷ 2.1 ಲಕ್ಷ ಕೋಟಿಗೆ ಕುಸಿಯಿತು. ಅದೇ ಹೊತ್ತಿಗೆ ನಿರುದ್ಯೋಗ ಭತ್ಯೆ, ಆಹಾರ ನೆರವು ಕೇಳುವವರ ಸಾಲು ಉದ್ದವಾಯಿತು. ಇದಕ್ಕೆ ಯಾರೂ ಹೊಸದಾಗಿ ಮಸೂದೆ ತರಬೇಕಿರಲಿಲ್ಲ. ಇದ್ದ ಕಾನೂನೇ ಹಾಗಿತ್ತು. ಇದರ ಮೇಲೆ ಬ್ಯಾಂಕುಗಳನ್ನು ಉಳಿಸುವ ಖರ್ಚು ಬೇರೆ.

"ಮನೆಯವರೇ ಕೈ ಬಿಗಿ ಹಿಡಿದಿರುವಾಗ ಸರ್ಕಾರ ಯಾಕೆ ಹಿಡಿಯಬಾರದು?" ಅಂತ ಆಗ ಎಲ್ಲರೂ ಕೇಳುತ್ತಿದ್ದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಒಬ್ಬರ ಖರ್ಚೇ ಇನ್ನೊಬ್ಬರ ಆದಾಯ. ಎಲ್ಲರೂ ಒಟ್ಟಿಗೆ ಖರ್ಚು ನಿಲ್ಲಿಸಿದರೆ ಎಲ್ಲರ ಆದಾಯವೂ ಒಟ್ಟಿಗೆ ಬೀಳುತ್ತದೆ. 2009ರ ಜನವರಿ ಒಂದೇ ತಿಂಗಳಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಕೆಲಸಗಳು ಹೋದವು. ಅಲ್ಲಿನ ಬಹುತೇಕ ರಾಜ್ಯಗಳು ಕಾನೂನಿನ ಪ್ರಕಾರ ಬಜೆಟ್ ಸರಿದೂಗಿಸಲೇಬೇಕು. ವರಮಾನ ಬಿದ್ದ ಕೂಡಲೇ ಅವು ಶಿಕ್ಷಕರನ್ನು ಮನೆಗೆ ಕಳಿಸಲು ಶುರು ಮಾಡಿದವು. ಇಂಥ ಹೊತ್ತಲ್ಲಿ ಕೇಂದ್ರ ಸರ್ಕಾರವೂ ಕೈ ಕಟ್ಟಿದರೆ ಏನಾಗುತ್ತದೆ ಅನ್ನುವುದನ್ನು ಆ ದೇಶ 1937ರಲ್ಲೇ ನೋಡಿದೆ. ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಖರ್ಚು ಕತ್ತರಿಸಿದರು, ಚೇತರಿಸಿಕೊಳ್ಳುತ್ತಿದ್ದ ಆರ್ಥಿಕತೆ ಮತ್ತೆ ಕುಸಿಯಿತು. ಇದೇ ರೂಸ್‌ವೆಲ್ಟ್ 1932ರಲ್ಲಿ ಕೊರತೆ ಮಾಡಿದ್ದಕ್ಕೆ ಆಗ ಅಧ್ಯಕ್ಷರಾಗಿದ್ದ ಹೂವರ್ ಅವರನ್ನು ಪಿಟ್ಸ್‌ಬರ್ಗ್‌ನ ಭಾಷಣದಲ್ಲಿ ತರಾಟೆಗೆ ತೆಗೆದುಕೊಂಡಿದ್ದರು!

2009ರ ಫೆಬ್ರವರಿಯಲ್ಲಿ 78,700 ಕೋಟಿ ಡಾಲರಿನ ಉತ್ತೇಜನ ಪ್ಯಾಕೇಜ್ ಬಂತು. ಪ್ರತಿನಿಧಿ ಸಭೆಯಲ್ಲಿ ಒಬ್ಬ ರಿಪಬ್ಲಿಕನ್ನರೂ ಪರವಾಗಿ ಮತ ಹಾಕಲಿಲ್ಲ. ಸೆನೆಟ್‌ನಲ್ಲಿ ಮೂವರು ಹಾಕಿದರು. ನನಗೆ ಬೇಸರ ತರಿಸುವುದು ಇಲ್ಲೇ. ಅದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆರಿಗೆ ಕಡಿತವಾಗಿತ್ತು. ಅದು ಅವರದೇ ಹಳೇ ಬೇಡಿಕೆ. ದುಡಿಯುವ ಒಬ್ಬರಿಗೆ 400 ಡಾಲರ್, ದಂಪತಿಗೆ 800. 2008ರಲ್ಲಿ ಬುಷ್ ಸರ್ಕಾರ ಇಂಥದೇ ಹಣವನ್ನು ಒಟ್ಟಿಗೆ ಕಳಿಸಿತ್ತು, ಎಷ್ಟೋ ಮನೆಗೆ ಅಂಚೆಯಲ್ಲಿ ಚೆಕ್ಕೇ ಬಂದಿತ್ತು. ಈ ಸಲ ಹಾಗೆ ಮಾಡದೆ, ಪ್ರತಿ ಸಂಬಳದಲ್ಲಿ ಕಡಿತವಾಗುವ ತೆರಿಗೆಯನ್ನೇ ಒಂದಿಷ್ಟು ಇಳಿಸಿದರು. ದೊಡ್ಡ ಮೊತ್ತ ಒಟ್ಟಿಗೆ ಬಂದರೆ ಜನ ಎತ್ತಿಡುತ್ತಾರೆ, ಚಿಲ್ಲರೆಯಾಗಿ ಬಂದರೆ ಖರ್ಚು ಮಾಡುತ್ತಾರೆ ಅನ್ನುವ ಲೆಕ್ಕ. ಆದರೆ ತಮ್ಮ ತೆರಿಗೆ ಇಳಿದಿದೆ ಅಂತ ಬಹಳಷ್ಟು ಜನರಿಗೆ ತಿಳಿಯಲೇ ಇಲ್ಲ. ಖರ್ಚಿನ ಸುದ್ದಿ ಮಾತ್ರ ಮನೆಮನೆಗೂ ತಲುಪಿತು.

ಡೆಮಾಕ್ರಟರೂ ಕಡಿಮೆಯೇನಲ್ಲ. 2006ರಲ್ಲಿ, ಬುಷ್ ಕಾಲದಲ್ಲಿ, ಸರ್ಕಾರದ ಸಾಲದ ಮಿತಿ ಏರಿಸುವುದನ್ನು ಸೆನೆಟರ್ ಒಬಾಮ ಅವರೇ ವಿರೋಧಿಸಿ ಮತ ಹಾಕಿದ್ದರು. ಪ್ಯಾಕೇಜ್ ಬಂದರೆ ನಿರುದ್ಯೋಗ ಶೇ. 8 ದಾಟುವುದಿಲ್ಲ ಅಂತ ಅವರ ತಂಡ ಅಂದಾಜು ಕೊಟ್ಟಿತು. 2009ರ ಅಕ್ಟೋಬರಿನಲ್ಲಿ ಅದು ಶೇ. 10 ಮುಟ್ಟಿತು. ಪೆಟ್ಟು ಎಷ್ಟು ದೊಡ್ಡದು ಅನ್ನುವುದೇ ಅವರಿಗೆ ಆಗ ಗೊತ್ತಾಗಿರಲಿಲ್ಲ.

ನನ್ನನ್ನು ಕೇಳಿದರೆ, ಒಂದು ಪಕ್ಷವನ್ನು ಅಳೆಯಬೇಕಾದದ್ದು ಒಳ್ಳೆಯ ಕಾಲದಲ್ಲಿ. 2019ರಲ್ಲಿ ನಿರುದ್ಯೋಗ ಶೇ. 4ಕ್ಕಿಂತ ಕೆಳಗಿತ್ತು. ಸಾಲ ತೀರಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಆದರೂ ರಿಪಬ್ಲಿಕನ್ ಅಧ್ಯಕ್ಷ ಟ್ರಂಪ್ ಅವರ 2017ರ ತೆರಿಗೆ ಕಡಿತದ ನಂತರ ಕೊರತೆ 98,000 ಕೋಟಿ ಡಾಲರ್ ದಾಟಿತ್ತು. ಹತ್ತು ವರ್ಷದ ಹಿಂದೆ ಕೊರತೆ ಅಂತ ಕೂಗಿದವರಲ್ಲಿ ಹೆಚ್ಚಿನವರು ಸುಮ್ಮನಿದ್ದರು. 2020ರ ಮಾರ್ಚ್‌ನಲ್ಲಿ ಕೋವಿಡ್ ಪ್ಯಾಕೇಜನ್ನು ಸೆನೆಟ್ 96–0 ಮತಗಳಿಂದ ಒಪ್ಪಿತು. ಮರುವರ್ಷ ಟ್ರಂಪ್ ಹೋಗಿ ಡೆಮಾಕ್ರಟ್ ಬೈಡನ್ ಅಧ್ಯಕ್ಷರಾದರು. 1.9 ಲಕ್ಷ ಕೋಟಿಯ ಪ್ಯಾಕೇಜಿಗೆ ಒಂದೇ ಒಂದು ರಿಪಬ್ಲಿಕನ್ ಮತ ಬೀಳಲಿಲ್ಲ. ಆಗಲೇ ಆರ್ಥಿಕತೆ ಚೇತರಿಸಿಕೊಳ್ಳುತ್ತಿತ್ತು. ಇದು ಜಾಸ್ತಿಯಾಯಿತು, ಬೆಲೆ ಏರೀತು ಅಂತ ಕ್ಲಿಂಟನ್ ಕಾಲದ ಖಜಾನೆ ಕಾರ್ಯದರ್ಶಿ ಲ್ಯಾರಿ ಸಮ್ಮರ್ಸ್ ಎಚ್ಚರಿಸಿದರು. ಅವರದೇ ಪಕ್ಷ ಕಿವಿಗೊಡಲಿಲ್ಲ.