ಈ ಹಣ್ಣು ಯಾವ ಮಳೆ ಕುಡಿದಿತ್ತು?

ಎಲ್ಲರಿಗೂ ನಮಸ್ಕಾರ. ತಿನ್ನುವ ಪದಾರ್ಥ ಬರೆದಿರುವ ಊರಿನದ್ದೇನಾ, ಅದಕ್ಕೆ ಏನಾದರೂ ಬೆರೆಸಿದ್ದಾರಾ ಅಂತ ಐಸೋಟೋಪ್ ಅಳೆದು ಪರೀಕ್ಷಿಸುವುದು ನಮ್ಮ ಕೆಲಸ. ಐಸೋಟೋಪ್ ಅಂದ ಕೂಡಲೇ ಕೆಲವರಿಗೆ ಅಣುಬಾಂಬ್ ನೆನಪಾಗುತ್ತದೆ. ಹೆದರಬೇಡಿ, ಇವತ್ತು ನಾವು ಅಳೆಯುವ ಐಸೋಟೋಪ್‌ಗಳು ವಿಕಿರಣ ಸೂಸುವಂಥವಲ್ಲ. ಕುಡಿಯುವ ನೀರಿನಲ್ಲಿ, ತಿನ್ನುವ ಹಣ್ಣಿನಲ್ಲಿ ಸುಮ್ನೆ ಇರುತ್ತವೆ. ಐಸೋಟೋಪ್ ಅಂದರೆ ಒಂದೇ ಧಾತುವಿನ ಪರಮಾಣುಗಳು, ತೂಕದಲ್ಲಿ ಮಾತ್ರ ಸ್ವಲ್ಪ ಹೆಚ್ಚು ಕಮ್ಮಿ.

ಆಕ್ಸಿಜನ್ ತಗೊಳ್ಳಿ. ಸಾವಿರ ಪರಮಾಣುಗಳಲ್ಲಿ ಸುಮಾರು 998ರ ತೂಕ 16, ಹತ್ತಿರ ಹತ್ತಿರ ಎರಡರದ್ದು 18. ಆ ‘ಎರಡು’ ಕೆಲವು ಕಡೆ ಕೂದಲೆಳೆಯಷ್ಟು ಜಾಸ್ತಿ, ಕೆಲವು ಕಡೆ ಕಮ್ಮಿ. ನಮ್ಮ ಕೆಲಸವೆಲ್ಲ ಆ ಕೂದಲೆಳೆಯಲ್ಲೇ.

ಈ ವ್ಯತ್ಯಾಸ ಮುಖ್ಯವಾಗಿ ಮಳೆಯಿಂದ ಬರುತ್ತದೆ. ಸಮುದ್ರದಿಂದ ಹಗುರ ನೀರು, ಅಂದರೆ ಹಗುರ ಪರಮಾಣುಗಳಿರುವ ನೀರು, ಬೇಗ ಆವಿಯಾಗುತ್ತದೆ. ಮಳೆಯಾಗುವಾಗ ಉಲ್ಟಾ, ಭಾರದ ನೀರು ಮೊದಲು ಇಳಿಯುತ್ತದೆ. ಹಾಗಾಗಿ ಮೋಡ ಕರಾವಳಿಯಲ್ಲಿ ಒಂದಿಷ್ಟು ಸುರಿದು, ಒಳನಾಡಿಗೆ ಬಂದು ಇನ್ನೊಂದಿಷ್ಟು ಸುರಿದು, ಬೆಟ್ಟ ಹತ್ತಿ ತಣ್ಣಗಾಗಿ ಮತ್ತೆ ಸುರಿಯುವ ಹೊತ್ತಿಗೆ ಅದರಲ್ಲಿ ಭಾರದ ನೀರು ಕಮ್ಮಿಯಾಗುತ್ತಾ ಬಂದಿರುತ್ತದೆ. ಧ್ರುವದ ಹಿಮದಲ್ಲಂತೂ ಇನ್ನೂ ಕಮ್ಮಿ. ಭಾರದ ಹೈಡ್ರೋಜನ್, ಭಾರದ ಆಕ್ಸಿಜನ್ ಎರಡೂ ಪ್ರಪಂಚದ ಮಳೆಯಲ್ಲಿ ಹೆಚ್ಚುಕಡಿಮೆ ಒಂದೇ ಗೆರೆ ಹಿಡಿದು ಏರಿಳಿಯುತ್ತವೆ ಎಂದು ಅಮೆರಿಕದ ಭೂರಸಾಯನ ವಿಜ್ಞಾನಿ ಹಾರ್ಮನ್ ಕ್ರೇಗ್ 1961ರಲ್ಲಿ ತೋರಿಸಿದರು.

ಈ ಮಳೆಯನ್ನು ಗಿಡ ಕುಡಿಯುತ್ತದೆ. ಹಸು ನೀರನ್ನೂ ಕುಡಿಯುತ್ತದೆ, ಹುಲ್ಲನ್ನೂ ಮೇಯುತ್ತದೆ, ಗುರುತು ಹಾಲಿಗೆ ಇಳಿಯುತ್ತದೆ. ಹಣ್ಣಿನಲ್ಲಿ ಇನ್ನೊಂದು ಮಜಾ ಇದೆ. ಬಿಸಿಲಿಗೆ ಎಲೆಯಿಂದ ಹಗುರ ನೀರು ಮೊದಲು ಹಾರಿಹೋಗುವುದರಿಂದ, ಹಣ್ಣಿನ ರಸದ ನೀರು ಸಾಮಾನ್ಯವಾಗಿ ಅಲ್ಲಿಯ ನಲ್ಲಿ ನೀರಿಗಿಂತ ಭಾರ. ಗಟ್ಟಿ ರಸಕ್ಕೆ ನಲ್ಲಿ ನೀರು ಬೆರೆಸಿ ‘ಈಗಷ್ಟೇ ಹಿಂಡಿದ್ದು’ ಅಂದರೆ ಸಿಕ್ಕಿಬೀಳುತ್ತಾರೆ. ವೈನ್‌ಗೆ ನೀರು ಹಾಕಿದವರೂ ಅಷ್ಟೇ.

ಆದರೆ ಸಮುದ್ರದಿಂದ ಒಂದೇ ದೂರ, ಒಂದೇ ಎತ್ತರ ಇರುವ ಎರಡು ಊರು ಬೇರೆ ಬೇರೆ ಖಂಡದಲ್ಲಿದ್ದರೂ ಮಳೆ ಒಂದೇ ತರ ಇರಬಹುದಲ್ವಾ? ಆಗ ನೀರನ್ನು ಬಿಟ್ಟು ಕಲ್ಲನ್ನು ಕೇಳಬೇಕು. ಕಲ್ಲಿನಲ್ಲಿರುವ ರುಬಿಡಿಯಂ ಎಂಬ ಧಾತುವಿನ 87 ತೂಕದ ಪರಮಾಣು ನಿಧಾನವಾಗಿ ಇನ್ನೊಂದು ಧಾತು, ಸ್ಟ್ರಾನ್ಷಿಯಂ 87 ಆಗುತ್ತಿರುತ್ತದೆ. ಎಷ್ಟು ನಿಧಾನ ಅಂದರೆ, ಅರ್ಧ ಮುಗಿಯಲು ಸುಮಾರು 4,900 ಕೋಟಿ ವರ್ಷ ಬೇಕು. ಹಾಗಾಗಿ ಹಳೇ ಗ್ರಾನೈಟ್ ನೆಲದಲ್ಲಿ ಸ್ಟ್ರಾನ್ಷಿಯಂ 87ಕ್ಕೂ 86ಕ್ಕೂ ಇರುವ ಅನುಪಾತ 0.72 ದಾಟುವುದುಂಟು. ಎಳೇ ಜ್ವಾಲಾಮುಖಿ ಕಲ್ಲಿನಲ್ಲಿ 0.704ರ ಆಸುಪಾಸು. ಕ್ಯಾಲ್ಸಿಯಂ ಜೊತೆ ಬೇರಿನೊಳಗೆ ನುಸುಳಿದ ಸ್ಟ್ರಾನ್ಷಿಯಂ ಕಾಳಿನವರೆಗೂ ಅದೇ ಗುರುತು ಹೊತ್ತು ಬರುತ್ತದೆ. ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಚಂದದ ಭಾಗ ಇದೇ.

 

ಇನ್ನು ಕಾರ್ಬನ್. ಅಳೆಯುವುದು ಹೇಗೆ ಅಂತ ಇಲ್ಲೇ ನೋಡಿಬಿಡೋಣ. ಒಂದು ಮಿಲಿಗ್ರಾಂಗಿಂತ ಕಮ್ಮಿ ಮಾದರಿಯನ್ನು ತವರದ ಪುಟಾಣಿ ಬಟ್ಟಲಿಗೆ ಹಾಕಿ, ಚಿಮುಟದಲ್ಲಿ ಅದನ್ನು ಮಡಚಿ ಮಡಚಿ ಸಾಸಿವೆ ಕಾಳಿನಷ್ಟು ಮಾಡುತ್ತೇವೆ. ಕೈ ನಡುಗಿದರೆ ಕೆಟ್ಟಿತು. ಸುಮಾರು 1,000 ಡಿಗ್ರಿಯ ಕುಲುಮೆಗೆ ಬಿದ್ದ ಕೂಡಲೇ ತವರ ಭಗ್ಗನೆ ಉರಿದು ಒಳಗಿನದ್ದೆಲ್ಲ ಅನಿಲವಾಗುತ್ತದೆ. ಆ ಕಾರ್ಬನ್ ಡೈಆಕ್ಸೈಡ್ ಅಣುಗಳಿಗೆ ವಿದ್ಯುತ್ ಆವೇಶ ಕೊಟ್ಟು ಅಯಸ್ಕಾಂತದ ಮುಂದೆ ಓಡಿಸಿದರೆ ಹಗುರ ಕಾರ್ಬನ್ (12) ಇರುವ 44 ತೂಕದ್ದು ಜಾಸ್ತಿ ಬಾಗುತ್ತದೆ, ಭಾರದ ಕಾರ್ಬನ್ (13) ಇರುವ 45ರದ್ದು ಸ್ವಲ್ಪ ಕಮ್ಮಿ. ಎರಡನ್ನೂ ಬೇರೆ ಬೇರೆ ಹಿಡಿದು ಎಣಿಸುತ್ತೇವೆ.

ಕಬ್ಬು, ಮೆಕ್ಕೆಜೋಳ ಕಾರ್ಬನ್ ಹಿಡಿಯುವ ರೀತಿಯೇ ಬೇರೆ, ಅವುಗಳಲ್ಲಿ ಭಾರದ ಕಾರ್ಬನ್ ಜಾಸ್ತಿ. ಜೇನುಹುಳ ಹೋಗುವ ಹೂಗಳು ಬಹುತೇಕ ಇನ್ನೊಂದು ಗುಂಪಿನವು. ಹಾಗಾಗಿ ಜೇನಿಗೆ ಕಬ್ಬಿನ ಸಕ್ಕರೆ ಬೆರೆಸಿದರೆ, ಅದೇ ಜೇನಿನ ಪ್ರೋಟೀನ್ ಜೊತೆ ಹೋಲಿಸಿದಾಗ ಗೊತ್ತಾಗುತ್ತದೆ. ಪ್ರತಿ ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ ಕಂಡರೆ ಸುಮಾರು 7% ಬೆರಕೆ ಅಂತ ಲೆಕ್ಕ. ಬೆರಕೆ ಮಾಡುವವರೇನು ದಡ್ಡರಲ್ಲ. ಅಕ್ಕಿ ಪಾಕ, ಬೀಟ್ ಸಕ್ಕರೆ ಹಿಡಿದರು. ಅವು ಹೂವಿನ ಗುಂಪಿನವೇ, ಈ ಪರೀಕ್ಷೆಗೆ ಕಾಣುವುದೇ ಇಲ್ಲ.

ಎಷ್ಟೇ ಅಳೆದರೂ ಹೋಲಿಸಲು ಅಸಲಿ ಮಾದರಿ ಇರದಿದ್ದರೆ ಆ ಅಂಕಿ ಬರೀ ಅಂಕಿ. ಯುರೋಪಿನಲ್ಲಿ ವೈನ್‌ಗಾಗಿ 1990ರ ದಶಕದಿಂದ ಪ್ರತಿ ವರ್ಷ ಅಸಲಿ ದ್ರಾಕ್ಷಿ ತಂದು ಅಳೆದಿಡುತ್ತಾರೆ. ಪ್ರತಿ ವರ್ಷ ಯಾಕೆ? ಮಳೆ ಪ್ರತಿ ವರ್ಷ ಬೇರೆ.

ಅದಕ್ಕೇ ಯಾರಾದರೂ ಪೊಟ್ಟಣ ಮುಂದಿಟ್ಟು ‘ಇದು ಎಲ್ಲಿಯದು ಹೇಳಿ’ ಅಂದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ‘ಇದು ಇಂಥ ಕಡೆಯದು ಅಂತ ಬರೆದಿದ್ದಾರೆ, ನಿಜವಾ?’ ಅಂತ ಕೇಳಿ. ಆಗಲೂ ವರದಿಯಲ್ಲಿ ಬರುವುದು ‘ಹೊಂದುತ್ತಿಲ್ಲ’ ಅಥವಾ ‘ಹೊಂದುತ್ತಿದೆ’ ಅಂತ ಅಷ್ಟೇ. ‘ಅಲ್ಲಿಯದೇ’ ಅಂತ ಬರೆಯುವುದಿಲ್ಲ.