ಪಕ್ಕದ ಬಣ್ಣ ಯಾವುದು ನೋಡಿ

ಕೇಳುಗರಿಗೆಲ್ಲಾ ನಮಸ್ಕಾರ. ಮಾಡರ್ನ್ ಪೇಂಟಿಂಗ್‌ನಲ್ಲಿ ಬಣ್ಣಗಳಿಗೆ ಏನರ್ಥ ಅನ್ನೋದರ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಬಹಳ ಖುಷಿಯಿಂದ ಬಂದಿದೀನಿ. ಈ ವಿಷಯದಲ್ಲಿ ನಂಗೆ ಹೇಳೋಕಿರೋದು ಒಂದೇ ಮಾತು, ಅದನ್ನ ಈಗಲೇ ಹೇಳಿಬಿಡ್ತೀನಿ, ಮಧ್ಯದಲ್ಲಿ ಕುಕ್ಕರ್ ಕೂಗಿದ್ರೂ ನಿಮಗೆ ಇಷ್ಟಾದ್ರೂ ಸಿಕ್ಕಿರಲಿ. ಒಂದು ಬಣ್ಣದ ಅರ್ಥ ಗೊತ್ತಾಗಬೇಕಾದ್ರೆ ಅದರ ಪಕ್ಕದಲ್ಲಿ ಯಾವ ಬಣ್ಣ ಇದೆ ನೋಡಿ.

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಆಗುತ್ತಲ್ಲ, ಅಲ್ಲಿ ಯಾವುದಾದ್ರೂ ಒಂದು ಸ್ಟಾಲ್ ಮುಂದೆ ಸುಮ್ನೆ ನಿಂತ್ಕೊಳ್ಳಿ. "ಸಾರ್, ಈ ಕೆಂಪು ಅಂದ್ರೆ ಕೋಪನಾ?" "ಇಷ್ಟೊಂದು ನೀಲಿ ಯಾಕಿದೆ, ದುಃಖನಾ?" ಅಂತ ಕೇಳ್ತಾನೇ ಇರ್ತಾರೆ. ಕೇಳೋದು ತಪ್ಪಲ್ಲ, ಕೇಳದೇ ಹೋಗೋರಿಗಿಂತ ಇವರೇ ಎಷ್ಟೋ ವಾಸಿ. ಆದ್ರೆ ಈ ಪ್ರಶ್ನೆ ಬರೋದು ಎಲ್ಲಿಂದ ಅಂದ್ರೆ ಮೊಬೈಲ್‌ಗೆ ಬರೋ ಪಟ್ಟಿಗಳಿಂದ, ಕೆಂಪು ಅಂದ್ರೆ ಸಿಟ್ಟು, ಹಳದಿ ಅಂದ್ರೆ ಸಂತೋಷ, ಕಪ್ಪು ಅಂದ್ರೆ ಸಾವು. ದಯವಿಟ್ಟು ಆ ಪಟ್ಟಿನ ಮರೆತುಬಿಡಿ. ನಮ್ಮಲ್ಲೇ ನೋಡಿ, ಹಣೆ ಮೇಲಿನ ಕುಂಕುಮ ಕೆಂಪು, ಯಕ್ಷಗಾನದ ರಾಕ್ಷಸವೇಷದ ಮುಖದಲ್ಲೂ ಕೆಂಪು. ಪಟ್ಟಿ ಪ್ರಕಾರ ಎರಡಕ್ಕೂ ಒಂದೇ ಅರ್ಥ ಆಗಬೇಕಿತ್ತು. ಆಗುತ್ತಾ? ಒಂದು ಕಡೆ ಆ ಕೆಂಪಿನ ಸುತ್ತ ಅರಿಶಿನ ಇದೆ, ಇನ್ನೊಂದು ಕಡೆ ಅದೇ ಕೆಂಪಿನ ಸುತ್ತ ಕಪ್ಪು ಬಿಳಿ ಇದೆ.

ಸೀರೆಗೆ ಬ್ಲೌಸ್ ಪೀಸ್ ತರೋಕೆ ಮ್ಯಾಚಿಂಗ್ ಸೆಂಟರ್‌ಗೆ ಹೋಗೋ ಹೆಣ್ಮಕ್ಕಳಿಗೆ ಇದನ್ನ ನಾನು ಹೇಳಿಕೊಡಬೇಕಾಗಿಲ್ಲ. ಅವರು ಸೀರೆ ಜೊತೆಗೇ ತಗೊಂಡು ಹೋಗ್ತಾರೆ, ಪೀಸನ್ನ ಸೆರಗಿನ ಮೇಲೆ ಇಟ್ಟು ಬಾಗಿಲ ಹತ್ರ ಬೆಳಕಿಗೆ ಹಿಡಿದು ನೋಡ್ತಾರೆ, ಯಾಕಂದ್ರೆ ಒಂಟಿಯಾಗಿದ್ದಾಗ ಚೆಂದ ಕಂಡ ಹಸಿರು ಸೀರೆ ಮೇಲಿಟ್ಟ ತಕ್ಷಣ ಬೇರೆ ಹಸಿರೇ ಆಗಿಬಿಡುತ್ತೆ. ಗ್ಯಾಲರಿಯಲ್ಲೂ ಆ ಕಣ್ಣನ್ನೇ ಉಪಯೋಗಿಸಿ.

ಈಗ ಒಂದು ಕಥೆ ಹೇಳ್ತೀನಿ, ನಿಜವಾಗಿ ನಡೆದಿದ್ದು, ಮಾಡರ್ನ್ ಪೇಂಟಿಂಗ್ ಅರ್ಥ ಆಗಬೇಕು ಅನ್ನೋರಿಗೆಲ್ಲಾ ನಾನು ಮೊದಲು ಹೇಳೋದು ಇದನ್ನೇ. ಪ್ಯಾರಿಸ್‌ನಲ್ಲಿ ಗೋಬ್ಲಾನ್ ಅಂತ ರಾಜರ ಕಾಲದ ಒಂದು ಕಾರ್ಖಾನೆ. ಅರಮನೆ ಗೋಡೆಗೆ ತೂಗುಹಾಕೋ ದೊಡ್ಡ ದೊಡ್ಡ ಚಿತ್ರದ ಪರದೆಗಳನ್ನ ಉಣ್ಣೆ ನೂಲಲ್ಲಿ ನೇಯೋ ಜಾಗ ಅದು. 1824ರಲ್ಲಿ ಅಲ್ಲಿ ನೂಲಿಗೆ ಬಣ್ಣ ಹಾಕೋ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದವರು ಮಿಷೆಲ್ ಯೂಜೀನ್ ಶೆವ್ರಲ್. ಇವರು ಕಲಾವಿದರಲ್ಲ, ಕೆಮಿಸ್ಟ್. ಕೊಬ್ಬು, ಸೋಪು, ಮೇಣದಬತ್ತಿ ಇವುಗಳ ಮೇಲೆ ಕೆಲಸ ಮಾಡಿ ಆಗಲೇ ಹೆಸರು ಮಾಡಿದ್ದೋರು. ಬಂದ ಮೇಲೆ ನೋಡಿದ್ರೆ ಬಣ್ಣಗಳ ಬಗ್ಗೆ ಕಂಪ್ಲೇಂಟ್ ಮೇಲೆ ಕಂಪ್ಲೇಂಟ್. ಅದರಲ್ಲಿ ಒಂದು ಕಪ್ಪು ಬಣ್ಣದ್ದು. ನೀಲಿ, ನೇರಳೆ ಬಟ್ಟೆಗಳ ಮಡಿಕೆಯಲ್ಲಿ ನೆರಳು ತೋರಿಸೋಕೆ ಕಪ್ಪು ನೂಲು ಹಾಕಿದ್ರೆ ಅದು ಗಟ್ಟಿ ಕಪ್ಪಾಗಿ ಕಾಣ್ತಿಲ್ಲ, ಸಪ್ಪೆ ಹೊಡೀತಿದೆ, ನಿಮ್ಮ ಬಣ್ಣದಲ್ಲೇ ದೋಷ ಇದೆ ಅಂತ.

ಬೇರೆ ಯಾರಾದ್ರೂ ಆಗಿದ್ರೆ ಏನ್ ಮಾಡ್ತಿದ್ರು, ಇನ್ನೊಂದಿಷ್ಟು ಬಣ್ಣ ಜಾಸ್ತಿ ಹಾಕಿಸಿ ಕೈತೊಳ್ಕೊಳ್ತಿದ್ರು. ಶೆವ್ರಲ್ ಹಾಗೆ ಮಾಡಲಿಲ್ಲ. ಬೇರೆ ಹೆಸರಾದ ಕಾರ್ಖಾನೆಗಳ ಕಪ್ಪು ಉಣ್ಣೆ ತರಿಸಿದ್ರು, ತಮ್ಮ ಕಪ್ಪು ಉಣ್ಣೆ ಜೊತೆ ಇಟ್ಟು ನೋಡಿದ್ರು. ನೋಡಿದ್ರೆ ತಮ್ಮದೇನೂ ಕಮ್ಮಿ ಇಲ್ಲ! ನೂಲು ಸರಿಯಿದೆ, ಬಣ್ಣ ಸರಿಯಿದೆ, ಹಾಕೋ ವಿಧಾನನೂ ಸರಿಯಿದೆ, ಹಾಗಾದ್ರೆ ಪರದೆಯಲ್ಲಿ ಯಾಕೆ ಕಪ್ಪು ಸೋತು ಕಾಣುತ್ತೆ? ಆಗ ಅವರಿಗೆ ಹೊಳೀತು, ತೊಂದರೆ ಕಪ್ಪಿನದಲ್ಲ, ಪಕ್ಕದಲ್ಲಿರೋ ನೀಲಿದು. ಇನ್ನೊಂದು ಸಲ ಕೇಳಿಸ್ಕೊಳ್ಳಿ, ತೊಂದರೆ ಇದ್ದಿದ್ದು ಬಣ್ಣದ ಪಾತ್ರೆಯಲ್ಲಿ ಅಲ್ಲ, ನೋಡೋರ ಕಣ್ಣಲ್ಲಿ. ಗಾಢವಾದ ನೀಲಿ ನೋಡ್ತಾ ಇದ್ರೆ ನಮ್ಮ ಕಣ್ಣು ಬಣ್ಣಗಳ ಚಕ್ರದಲ್ಲಿ ಅದಕ್ಕೆ ಎದುರಿಗಿರೋ ಕಿತ್ತಳೆ ಛಾಯೆನ ತಾನೇ ಹುಟ್ಟಿಸಿ ಅಕ್ಕಪಕ್ಕಕ್ಕೆ ಬಳಿದುಬಿಡುತ್ತೆ. ಆ ಛಾಯೆ ಕಪ್ಪಿನ ಮೇಲೆ ಬಿದ್ರೆ ಕಪ್ಪು ತುಕ್ಕು ಹಿಡಿದ ಹಾಗೆ ಕಾಣದೆ ಇನ್ನೇನಾಗುತ್ತೆ?

ನಂಬಿಕೆ ಬರಲಿಲ್ವಾ? ಮನೆಯಲ್ಲಿರೋ ಒಂದು ಕಡುಕೆಂಪು ಬಟ್ಟೆ ತಗೊಳ್ಳಿ, ಒಳ್ಳೆ ಬೆಳಕಲ್ಲಿ ಇಟ್ಟು ಅರ್ಧ ನಿಮಿಷ ದಿಟ್ಟಿಸಿ ನೋಡಿ, ಆಮೇಲೆ ತಟ್ಟಂತ ಬಿಳಿ ಗೋಡೆ ನೋಡಿ. ಗೋಡೆ ಮೇಲೆ ತಿಳಿಯಾದ ಹಸಿರು-ನೀಲಿ ಛಾಯೆ ಕಾಣುತ್ತೆ. ಆ ಹಸಿರನ್ನ ಗೋಡೆಗೆ ಯಾರೂ ಹಚ್ಚಿಲ್ಲ. ರೇಡಿಯೋದಲ್ಲಿ ಚಿತ್ರ ತೋರಿಸೋಕಾಗಲ್ಲ ಅಂತ ನಾನೇನೂ ಬೇಜಾರು ಮಾಡ್ಕೊಂಡಿಲ್ಲ, ಮಕ್ಕಳನ್ನ ಕರೆದು ಇವತ್ತೇ ಇದನ್ನ ಮಾಡಿಸಿ.

ಶೆವ್ರಲ್ ಅಲ್ಲಿಗೇ ಬಿಡಲಿಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಇಟ್ರೆ ಏನಾಗುತ್ತೆ ಅಂತ ಒಂದೊಂದನ್ನೂ ಪರೀಕ್ಷೆ ಮಾಡಿ 1839ರಲ್ಲಿ ದಪ್ಪ ಪುಸ್ತಕ ತಂದ್ರು. ಮನುಷ್ಯ ಬದುಕಿದ್ದು 102 ವರ್ಷ, ಐಫೆಲ್ ಟವರ್ ಮೇಲೆ ಕೆತ್ತಿರೋ 72 ಹೆಸರುಗಳಲ್ಲಿ ಇವರದೂ ಒಂದು. ಆದ್ರೆ ನನ್ನ ಪಾಲಿಗೆ ಅವರ ದೊಡ್ಡಸ್ತಿಕೆ ಇರೋದು ಆ ಕಪ್ಪು ನೂಲಿನ ವಿಷಯದಲ್ಲೇ, ಯಾಕಂದ್ರೆ ಅವರ ಮಾತು ಚಿತ್ರಕಾರರ ಕಿವಿಗೆ ಬಿದ್ದ ಮೇಲೆ ಚಿತ್ರ ಬರೆಯೋ ರೀತಿನೇ ಬದಲಾಯ್ತು. ಸೂರಾ ಅನ್ನೋ ಕಲಾವಿದ ಬಣ್ಣ ಕಲಸೋದನ್ನ ಬಿಟ್ಟು ಚುಕ್ಕಿ ಪಕ್ಕ ಚುಕ್ಕಿ ಇಟ್ಟು ಇಡೀ ಕ್ಯಾನ್ವಾಸ್ ತುಂಬಿಸಿದ. ವಿನ್ಸೆಂಟ್ ವ್ಯಾನ್ ಗೋ ಹತ್ರ ಒಂದು ಡಬ್ಬಿ ಇತ್ತು, ಈಗಲೂ ಆಮ್‌ಸ್ಟರ್‌ಡ್ಯಾಮ್‌ನ ಮ್ಯೂಸಿಯಂನಲ್ಲಿದೆ. ಡಬ್ಬಿ ತುಂಬಾ ಉಣ್ಣೆ ಉಂಡೆಗಳು! ಒಂದು ಬಣ್ಣದ ದಾರನ ಇನ್ನೊಂದು ಬಣ್ಣದ ದಾರದ ಜೊತೆ ಸುತ್ತಿ, ಎರಡೂ ಸೇರಿದ್ರೆ ಹೇಗೆ ಕಾಣುತ್ತೆ ಅಂತ ನೋಡಿ ಆಮೇಲೆ ಕುಂಚ ಹಿಡೀತಿದ್ದ. ವ್ಯಾನ್ ಗೋ ಅಂದ ತಕ್ಷಣ ಹುಚ್ಚು, ಕಿವಿ ಕತ್ತರಿಸ್ಕೊಂಡ ಅಂತ ಶುರು ಮಾಡ್ತಾರಲ್ಲ, ಅವರಿಗೆಲ್ಲಾ ಈ ಉಣ್ಣೆ ಉಂಡೆ ತೋರಿಸಬೇಕು ಅನ್ಸುತ್ತೆ ನಂಗೆ. ಎಷ್ಟು ಲೆಕ್ಕಾಚಾರದ ಮನುಷ್ಯ ಆತ!

1888ರಲ್ಲಿ ಫ್ರಾನ್ಸ್‌ನ ಆರ್ಲ್ ಅನ್ನೋ ಊರಲ್ಲಿ ರಾತ್ರಿಯೆಲ್ಲಾ ತೆರೆದಿರೋ ಒಂದು ಕೆಫೆನ ಆತ ಬರೆದ. ಮೂರು ರಾತ್ರಿ ನಿದ್ದೆಗೆಟ್ಟು ಬರೆದಿದ್ದು. ಗೋಡೆ ರಕ್ತಗೆಂಪು, ಮೇಲೆ ಚಾವಣಿ ಹಸಿರು, ನಡುವೆ ಬಿಲಿಯರ್ಡ್ಸ್ ಟೇಬಲ್ ಹಸಿರು, ನೆಲ ಹಳದಿ, ಉರಿಯೋ ದೀಪಗಳು, ಮೂಲೆಗಳಲ್ಲಿ ಮುದುಡಿ ಕೂತ ಜನ. ಕೆಂಪು ಹಸಿರು ಇಟ್ಟು ಮನುಷ್ಯನ ಭಯಂಕರ ಆವೇಶಗಳನ್ನ ತೋರಿಸೋಕೆ ನೋಡಿದೀನಿ ಅಂತ ತಮ್ಮ ತಿಯೋಗೆ ಕಾಗದ ಬರೆದ. ಬರೀ ಕೆಂಪು ಅಂದನಾ? ಇಲ್ಲ. ಕೆಂಪು ಮತ್ತು ಹಸಿರು, ಎರಡೂ ಎದುರುಬದುರು. ಶೆವ್ರಲ್ ಹೇಳಿದ್ದೇ ಅದು, ಎದುರು ಬಣ್ಣಗಳು ಅಕ್ಕಪಕ್ಕ ಬಂದ್ರೆ ಒಂದನ್ನೊಂದು ಕೆರಳಿಸ್ತವೆ. ಆ ಕೋಣೆಯಲ್ಲಿ ಎಲ್ಲೂ ಕಣ್ಣು ನಿಲ್ಲಲ್ಲ, ಒಂದು ನಿಮಿಷದಲ್ಲಿ ಎದ್ದು ಹೊರಗೆ ಹೋಗೋಣ ಅನ್ಸುತ್ತೆ.

ಅದೇ ಕೆಂಪು ಮಾತೀಸ್ ಅನ್ನೋ ಫ್ರೆಂಚ್ ಕಲಾವಿದನ ಕೈಯಲ್ಲಿ ಏನಾಯ್ತು ನೋಡಿ. ಶುಕಿನ್ ಅಂತ ಮಾಸ್ಕೋದ ವ್ಯಾಪಾರಿ ತನ್ನ ಊಟದ ಮನೆಗೆ ಅಂತ ಮಾತೀಸ್‌ನಿಂದ ಒಂದು ದೊಡ್ಡ ನೀಲಿ ಚಿತ್ರ ತಗೊಂಡಿದ್ದ. 1908ರಲ್ಲಿ, ವ್ಯಾಪಾರ ಎಲ್ಲಾ ಮುಗಿದ ಮೇಲೆ, ಮಾತೀಸ್‌ಗೆ ಆ ನೀಲಿ ಸಾಲದು ಅನ್ನಿಸ್ತು, ಚಿತ್ರನ ಮತ್ತೆ ಎತ್ಕೊಂಡು ಗೋಡೆ, ಮೇಜಿನ ಬಟ್ಟೆ ಎಲ್ಲಾನೂ ಕೆಂಪು ಮಾಡಿಬಿಟ್ಟ. ಅದೇ ಮೇಜು, ಅದೇ ಹಣ್ಣು, ಬಗ್ಗಿ ಹಣ್ಣು ಜೋಡಿಸ್ತಿರೋ ಅದೇ ಹೆಂಗಸು. ಕೆಂಪಿನ ಮೇಲೆ ಬಳ್ಳಿ ಬಳ್ಳಿಯಾಗಿ ಕಡುನೀಲಿ, ಒಂದು ಮೂಲೆಯಲ್ಲಿ ಕಿಟಕಿ, ಕಿಟಕಿ ಆಚೆ ತಂಪಾದ ಹಸಿರು ತೋಟ. ಇಲ್ಲಿ ಎಲ್ಲಿದೆ ಸಿಟ್ಟು? ಹಬ್ಬದ ಮನೆ ಹಾಗಿದೆ. ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಮ್ಯೂಸಿಯಂನಲ್ಲಿದೆ. ವ್ಯಾನ್ ಗೋ ಕೆಂಪು, ಮಾತೀಸ್ ಕೆಂಪು ಎರಡನ್ನೂ ಫೋನಲ್ಲಿ ಅಕ್ಕಪಕ್ಕ ಇಟ್ಟು ನೋಡಿ, ಕೆಂಪು ಅಂದ್ರೆ ಕೋಪ ಅನ್ನೋ ಮಾತು ಆಮೇಲೆ ನಿಮ್ಮ ಬಾಯಲ್ಲಿ ಬರಲ್ಲ.

ಸಮಯ ಓಡ್ತಿದೆ, ಉಳಿದಿದ್ದನ್ನ ಬೇಗ ಬೇಗ ಹೇಳ್ತೀನಿ. ಪಿಕಾಸೋನ ಗೆರ್ನಿಕಾ, 1937ರದ್ದು, ಸುಮಾರು ಎಂಟು ಮೀಟರ್ ಅಗಲ, ಬಾಂಬ್ ದಾಳಿಗೆ ಸಿಕ್ಕ ಊರಿನ ಚಿತ್ರ. ಬೆಂಕಿ ಇದೆ, ಗಾಯ ಇದೆ, ಆದ್ರೆ ಕೆಂಪು ಇಲ್ಲವೇ ಇಲ್ಲ, ಕಪ್ಪು ಬಿಳಿ ಬೂದು ಇಷ್ಟೇ. ಅಲ್ಲಿ ಕಪ್ಪಿಗೆ ಪಕ್ಕದಲ್ಲಿ ಬಣ್ಣದ ಆಸರೆನೇ ಇಲ್ಲ, ಅದಕ್ಕೇ ಅಷ್ಟು ಕರ್ಕಶ. ಅದೇ ಕಪ್ಪು ನಮ್ಮ ದೇಶದ ಕಲಾವಿದ ಎಸ್. ಎಚ್. ರಝಾ ಅವರ ಬಿಂದುವಿನಲ್ಲಿ, ಅಂದ್ರೆ ಅವರು ಮತ್ತೆ ಮತ್ತೆ ಬರೆದ ದೊಡ್ಡ ಕಪ್ಪು ವೃತ್ತದಲ್ಲಿ ನೋಡಿ, ಸುತ್ತ ಕೆಂಪು, ಕಿತ್ತಳೆ, ಹಳದಿ ತುಂಬಿಕೊಂಡಾಗ ಆ ಕಪ್ಪು ಸಾವಿನದ್ದಾಗಿ ಕಾಣುತ್ತಾ? ಬೀಜದ ಹಾಗಿದೆ, ಈಗಲೋ ಆಗಲೋ ಒಡೆಯೋ ಹಾಗೆ.

ವ್ಯಾನ್ ಗೋ ಮಲಗೋ ಕೋಣೆ ಚಿತ್ರದ ಬಗ್ಗೆ ಹೇಳದೆ ಹೋದ್ರೆ ನಂಗೆ ಸಮಾಧಾನ ಇಲ್ಲ. ಹಳದಿ ಮಂಚ, ನೀಲಿ ಗೋಡೆ ಅಂತ ಎಲ್ಲರಿಗೂ ಗೊತ್ತಿರೋದೇ, ಕ್ಯಾಲೆಂಡರ್‌ನಲ್ಲೂ ಬಂದಿದೆ. ಆದ್ರೆ ಆತ ಕಾಗದದಲ್ಲಿ ಬರೆದಿರೋದು ಗೋಡೆ ತಿಳಿ ನೇರಳೆ ಅಂತ. ಬೆರೆಸಿದ್ದ ಕೆಂಪು ಬೆಳಕಿಗೆ ಮಾಸಿಹೋಗಿ ನೇರಳೆ ನೀಲಿಯಾಗಿದೆ. ಹಳದಿಗೆ ಎದುರು ಬಣ್ಣ ನೇರಳೆ, ಆತ ಬೇಕಂತಲೇ ಆ ಜೋಡಿ ಮಾಡಿದ್ದ. ಗೋಡೆ ಮಾಸಿದ್ದಕ್ಕೆ ಮಂಚದ ಹಳದಿನೂ ನಮಗೆ ಬೇರೆಯಾಗಿ ಕಾಣ್ತಿದೆ, ಮಂಚದ ಮೇಲೆ ಯಾರೂ ಕೈ ಇಡದೇ.

ಬೆಂಗಳೂರಿನಲ್ಲಿರೋರಿಗೆ ಪ್ಯಾಲೇಸ್ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಒಂದು ಮಧ್ಯಾಹ್ನ ಹೋಗಿ ಬನ್ನಿ. ಒಂದೇ ಚಿತ್ರದ ಮುಂದೆ ನಿಂತ್ಕೊಳ್ಳಿ, ಕಣ್ಣಿಗೆ ಮೊದಲು ಬಿದ್ದ ಬಣ್ಣನ ದೂರದಿಂದಲೇ ಬೆರಳಲ್ಲಿ ಮರೆ ಮಾಡಿ, ಉಳಿದಿದ್ದು ಏನಾಗುತ್ತೆ ನೋಡಿ, ಬೆರಳು ತೆಗೀರಿ, ಮತ್ತೆ ನೋಡಿ. ನಮಸ್ಕಾರ.