ಮೆಕ್ಕೆಜೋಳದ ಲೋಟ, ಕಬ್ಬಿನ ಕವರ್

ಕೇಳುಗರೆಲ್ಲರಿಗೂ ನಮಸ್ಕಾರ.

ಹೋಟೆಲ್, ಬೇಕರಿ, ದಿನಸಿ ಅಂಗಡಿ ನಡೆಸುವವರಿಗೆ 2022ರ ಜುಲೈ 1 ಚೆನ್ನಾಗಿ ನೆನಪಿರುತ್ತದೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚಮಚ, ಸ್ಟ್ರಾ, ತಟ್ಟೆ, ಲೋಟ ಅಂದಿನಿಂದ ದೇಶದಲ್ಲೆಲ್ಲ ಬಂದ್. ಕರ್ನಾಟಕದಲ್ಲಂತೂ 2016ರಲ್ಲೇ ಪ್ಲಾಸ್ಟಿಕ್ ನಿಷೇಧ ಬಂದಿತ್ತು. ಈಗ ಅಂಗಡಿ ಬಾಗಿಲಿಗೆ ಬಯೋಪ್ಲಾಸ್ಟಿಕ್, ಅಂದರೆ ಗಿಡದಿಂದ ಆದ ಅಥವಾ ಕೊಳೆಯುವ ಪ್ಲಾಸ್ಟಿಕ್, ಬಂದು ನಿಂತಿದೆ. "ಇದು ಮೆಕ್ಕೆಜೋಳದ್ದು ಸಾರ್, ಮಣ್ಣಲ್ಲಿ ಕರಗಿಹೋಗುತ್ತೆ" ಅನ್ನುತ್ತಾರೆ ಮಾರುವವರು. ಮೇಲೆ ಒಂದು ಹಸಿರು ಎಲೆಯ ಚಿತ್ರ. ರೇಟು ಮಾತ್ರ ಜಾಸ್ತಿ.

ತಗೋಬೇಕೋ ಬೇಡವೋ? ಎರಡು ಪ್ರಶ್ನೆ ಕೇಳಿ. ಇದು ಯಾವುದರಿಂದ ಆಗಿದೆ? ಬಳಸಿ ಬಿಸಾಡಿದ ಮೇಲೆ ಎಲ್ಲಿಗೆ ಹೋಗುತ್ತದೆ? ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು. ಯಾಕೆಂದರೆ ಗಿಡದಿಂದ ಆಗಿದ್ದೆಲ್ಲ ಕೊಳೆಯುವುದಿಲ್ಲ.

ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ 2010ರಿಂದ ಕಬ್ಬಿನ ಎಥನಾಲ್ ಬಳಸಿ ಪಾಲಿಥೀನ್ ತಯಾರಿಸುತ್ತಿದೆ. ಮಕ್ಕಳ ಲೆಗೋ ಆಟಿಕೆಯಲ್ಲಿ ಬರುವ ಪುಟ್ಟ ಗಿಡ, ಎಲೆಗಳು 2018ರಿಂದ ಇಂಥ ಪ್ಲಾಸ್ಟಿಕ್‌ನಲ್ಲೇ ಆಗುತ್ತಿವೆ. ಕಬ್ಬು ಬೆಳೆಯುವಾಗ ಗಾಳಿಯಲ್ಲಿರುವ ಇಂಗಾಲವನ್ನು ಹೀರಿಕೊಂಡಿರುತ್ತದೆ, ಪೆಟ್ರೋಲಿಯಂ ಬೇಕಾಗುವುದೂ ಕಡಿಮೆ. ಲಾಭ ಇರುವುದು ಅಲ್ಲಿ. ಆದರೆ ಆದ ಮೇಲೆ ಅದೂ ಮಾಮೂಲಿ ಪಾಲಿಥೀನೇ. ಮಣ್ಣಲ್ಲಿ ಹೂತರೆ ಹಾಗೇ ಇರುತ್ತದೆ. ಮಾಮೂಲಿ ಪ್ಲಾಸ್ಟಿಕ್ ಜೊತೆ ಸೇರಿಸಿ ಮರುಬಳಕೆ ಮಾಡಬಹುದು, ಅದೇ ಅದರ ದಾರಿ. ಶಾಂಪೂ ಬಾಟಲಿ, ಡಬ್ಬಿ ತಯಾರಿಸುವವರಿಗೆ ಇದು ಒಳ್ಳೆಯದು.

ಇದಕ್ಕೆ ಪೂರ್ತಿ ಉಲ್ಟಾ ಇರುವುದು ಪಿಬಿಎಟಿ ಎಂಬ ಪ್ಲಾಸ್ಟಿಕ್. ಸಾಮಾನ್ಯವಾಗಿ ಪೆಟ್ರೋಲಿಯಂನಿಂದಲೇ ಆಗುತ್ತದೆ, ಆದರೆ ಕಾಂಪೋಸ್ಟ್ ಆಗುತ್ತದೆ, ಅಂದರೆ ಗೊಬ್ಬರದ ರಾಶಿಯಲ್ಲಿ ಕೊಳೆಯುತ್ತದೆ. ಮೆತ್ತಗಿನ ಕಾಂಪೋಸ್ಟಬಲ್ ಕವರ್‌ಗಳಲ್ಲಿ ಪಿಷ್ಟದ ಜೊತೆ ಬಹಳ ಸಲ ಇದನ್ನೇ ಬೆರೆಸಿರುತ್ತಾರೆ. "ಬರೀ ಮೆಕ್ಕೆಜೋಳದ್ದು" ಅನ್ನುವ ಮಾತನ್ನು ಹಾಗೇ ನಂಬಬೇಡಿ.

ಹೋಟೆಲಿನವರಿಗೆ ಹೆಚ್ಚು ಎದುರಾಗುವುದು ಪಿಎಲ್‌ಎ. ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯನ್ನು ಸೂಕ್ಷ್ಮಜೀವಿಗಳಿಂದ ಹುಳಿ ಬರಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ, ಮೊಸರಿನಲ್ಲಿ ಇರುವುದೂ ಅದೇ ಆಮ್ಲ. ಅದನ್ನು ಉದ್ದ ಸರಪಳಿಯಾಗಿ ಜೋಡಿಸಿದರೆ ಪಿಎಲ್‌ಎ. ಗಾಜಿನ ಹಾಗೆ ಪಾರದರ್ಶಕ, ನೋಡಲು ಚೆಂದ. ಜ್ಯೂಸಿಗೆ, ಮಜ್ಜಿಗೆಗೆ ಸರಿ. ಬಿಸಿ ಕಾಫಿ ಸುರಿದಿರೋ, ಲೋಟ ಸೊಟ್ಟಗಾಗುತ್ತದೆ. ಸುಮಾರು 60 ಡಿಗ್ರಿಗೆ ಅದು ಮೆತ್ತಗಾಗುವುದೇ ಕಾರಣ. ಕಾಫಿಗೆ ಬೇಕಾದರೆ ಒಳಗೆ ಪಿಎಲ್‌ಎ ಲೇಪನ ಇರುವ ಕಾಗದದ ಲೋಟ ಸಿಗುತ್ತದೆ.

ಇದು ಕೊಳೆಯುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ ಶಾಖ ಬೇಕು. ದೊಡ್ಡ ಕಾಂಪೋಸ್ಟ್ ಘಟಕದ ರಾಶಿಯೊಳಗೆ ಅಷ್ಟು ಕಾವು ಇರುತ್ತದೆ. ಹಿತ್ತಲ ಗುಂಡಿಯಲ್ಲಿ ಇರುವುದಿಲ್ಲ. ಮೋರಿಗೆ ಬಿದ್ದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ನೀರಿನ ಬಾಟಲಿಗಳ ಜೊತೆ ಸೇರಿದರೆ ಆ ಮರುಬಳಕೆಯನ್ನೂ ಕೆಡಿಸುತ್ತದೆ. ಕಾಸು ಕೊಟ್ಟು ತಂದ ಲೋಟ ಕೊನೆಗೆ ಯಾರಿಗೂ ಬೇಡವಾಗುತ್ತದೆ ನೋಡಿ.

ಹಾಗಾದರೆ ಇಂಥ ಕಾಂಪೋಸ್ಟಬಲ್ ಲೋಟ, ಕವರಿನಿಂದ ಲಾಭ ಯಾರಿಗೆ? ಎಂಜಲು, ಉಳಿದ ಅನ್ನ, ತರಕಾರಿ ಸಿಪ್ಪೆ ದಂಡಿಯಾಗಿ ಬರುವ ಕಡೆ, ಅದನ್ನು ಕಾಂಪೋಸ್ಟ್ ಘಟಕಕ್ಕೆ ಒಯ್ಯುವ ವ್ಯವಸ್ಥೆ ಇದ್ದರೆ ಖಂಡಿತ ಲಾಭ. ಕಲ್ಯಾಣ ಮಂಟಪ, ದೊಡ್ಡ ಆಫೀಸಿನ ಕ್ಯಾಂಟೀನ್ ಅಂದುಕೊಳ್ಳಿ. ಕವರ್ ಬಿಡಿಸುವ ಗೋಳಿಲ್ಲ, ಎಂಜಲಿನ ಸಮೇತ ಹೋಗುತ್ತದೆ, ಗೊಬ್ಬರದಲ್ಲಿ ಪ್ಲಾಸ್ಟಿಕ್ ಚೂರೂ ಉಳಿಯುವುದಿಲ್ಲ. ಇಟಲಿಯ ಮಿಲಾನ್ ನಗರ ಮನೆಮನೆಯ ಅಡುಗೆ ಕಸವನ್ನು ಇಂಥ ಕವರಿನಲ್ಲೇ ಸಂಗ್ರಹಿಸುತ್ತದೆ. ಆದರೆ ಅಲ್ಲಿ ಕವರಿನ ಹಿಂದೆ ಲಾರಿ, ಘಟಕ ಎಲ್ಲ ಇವೆ. ನಮ್ಮ ಘಟಕಗಳಲ್ಲಿ ಯಾವ ಕವರ್ ಯಾವುದು ಅಂತ ಕಣ್ಣಿಗೆ ಗೊತ್ತಾಗದೆ ಎಲ್ಲವನ್ನೂ ಆರಿಸಿ ಎಸೆದರೆ, ನೀವು ಕೊಟ್ಟ ಹೆಚ್ಚಿನ ದುಡ್ಡು ದಂಡ. ಮೊದಲು ನಿಮ್ಮ ಕಸ ಒಯ್ಯುವವರನ್ನು ಕೇಳಿ, ಆಮೇಲೆ ಆರ್ಡರ್ ಕೊಡಿ.

ಪಿಎಚ್‌ಎ ಅಂತ ಇನ್ನೊಂದಿದೆ. ಬ್ಯಾಕ್ಟೀರಿಯಾ ತಮ್ಮ ಮೈಯಲ್ಲಿ ಕೊಬ್ಬಿನ ಹಾಗೆ ಕೂಡಿಡುವ ವಸ್ತು ಅದು. ಈ ಗುಂಪಿನ ಪಿಎಚ್‌ಬಿಯನ್ನು ಮಾರಿಸ್ ಲೆಮ್ವಾಞ್ ಎಂಬ ಫ್ರೆಂಚ್ ವಿಜ್ಞಾನಿ 1926ರಲ್ಲೇ ಗುರುತಿಸಿದ್ದರು. ಮಣ್ಣಿನಲ್ಲೂ ಸಮುದ್ರದಲ್ಲೂ ಕೊಳೆಯುತ್ತದೆ. ಸದ್ಯಕ್ಕೆ ಬೆಲೆ ಕೇಳಿದರೆ ಸಣ್ಣ ವ್ಯಾಪಾರಿ ಹತ್ತಿರ ಸುಳಿಯುವುದಿಲ್ಲ.

ಒಂದು ಮಾತು ಸೇರಿಸಬೇಕು. ಮಲೆನಾಡು, ಕರಾವಳಿ ಕಡೆ ಅಡಿಕೆ ಹಾಳೆಯ ತಟ್ಟೆ ಸಿಗುವಾಗ ಊಟಕ್ಕೆ ಪಿಎಲ್‌ಎ ತಟ್ಟೆ ತರುವುದು ನನಗಂತೂ ಸುಮ್ನೆ ಖರ್ಚು ಅನಿಸುತ್ತದೆ. ಬಾಳೆಲೆ ಸಿಕ್ಕರೆ ಅದೂ ಬೇಡ.

ಕವರೇ ಬೇಕು ಅಂದರೆ ದಾಖಲೆ ನೋಡಿ ತಗೊಳ್ಳಿ. ಕಾಂಪೋಸ್ಟಬಲ್ ವಸ್ತುವಿಗೆ ಐಎಸ್/ಐಎಸ್ಒ 17088 ಎಂಬ ಮಾನದಂಡ ಇದೆ. ತಯಾರಕರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು, ಅವರ ಹೆಸರು, ಪ್ರಮಾಣಪತ್ರದ ಸಂಖ್ಯೆ ಕೇಳಿ ನೋಡಿ. ಕೇಂದ್ರದ 2022ರ ನಿಷೇಧದಿಂದ ಕಾಂಪೋಸ್ಟಬಲ್ ಪ್ಲಾಸ್ಟಿಕ್‌ಗೆ ವಿನಾಯಿತಿ ಇದೆ. ಆದರೂ ನಿಮ್ಮ ಪಾಲಿಕೆ, ಪುರಸಭೆಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ಇನ್ನು ಆಕ್ಸೋ-ಡಿಗ್ರೇಡಬಲ್ ಅಂತ ಬರೆದಿರುವುದನ್ನು ಮುಟ್ಟಲೇಬೇಡಿ. ಅದು ಕೊಳೆಯುವ ಬದಲು ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಯುರೋಪ್ ಒಕ್ಕೂಟದಲ್ಲಿ 2021ರಿಂದ ಅದರ ಮಾರಾಟಕ್ಕೇ ಅವಕಾಶ ಇಲ್ಲ.

ನಮಸ್ಕಾರ.